ಮೆಟ್ಟಿಲು, ಕೌಂಟರ್, ಹೊಸ್ತಿಲು

ಹೋದ ವಾರ ಪಂಚಾಯಿತಿಯವರು ಬಂದು ವಸತಿ ಯೋಜನೆಯಲ್ಲಿ ಕಟ್ಟುತ್ತಿರುವ ನಮ್ಮ ಮನೆಯ ಪಾಯದ ಫೋಟೋ ತೆಗೆದುಕೊಂಡು ಹೋದರು. ಅದಕ್ಕೆ ಮೂರು ವಾರ ಮುಂಚೆ ಆಫೀಸಿನಲ್ಲಿ, ಊರುಗೋಲು ಹಿಡಿದು ಮೆಟ್ಟಿಲು ಹತ್ತುತ್ತಿದ್ದ ನನ್ನ ಕುರ್ಚಿ ಕೆಳಗಿನ ಕೌಂಟರಿಗೆ ಬಂತು. ಈ ಎರಡಕ್ಕೂ ಸೇರಿ ಹದಿನಾರು ತಿಂಗಳು ಓಡಾಡಿದ್ದೇನೆ. ಯಾವ ಕಾಗದ ಎಲ್ಲಿ ಕೊಡಬೇಕು ಅಂತ ಹೇಳುವವರು ಒಬ್ಬರು ಸಿಕ್ಕಿದ್ದರೂ ಅರ್ಧ ಟೈಮ್ ಉಳಿಯುತ್ತಿತ್ತು. ಅದಕ್ಕೇ ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನಾನು ಬೆಳಗಾವಿ ಜಿಲ್ಲೆಯ ಕಾಡಂಚಿನ ಹಳ್ಳಿಯವಳು. ಸಿದ್ದಿ ಸಮುದಾಯ. ನಮ್ಮ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವಾಕ್ಕೆ ತಂದಿದ್ದರು, ಅವರು ತಪ್ಪಿಸಿಕೊಂಡು ಬಂದು ಈ ಕಾಡು ಸೇರಿದರು ಅಂತ ಅಜ್ಜಿ ಹೇಳುತ್ತಿದ್ದಳು. ಅದಾಗಿ ನೂರಾರು ವರ್ಷ ಆಯ್ತು. ಮನೆಯಲ್ಲಿ ಕೊಂಕಣಿ, ಸಂತೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಹೀಗೆ ಬೆಳೆದವಳು ನಾನು. ಆದರೂ ಬೆಳಗಾವಿಯ ರಸ್ತೆಯಲ್ಲಿ ನನ್ನ ಕೂದಲು, ಮೈಬಣ್ಣ ನೋಡಿ ಇವತ್ತಿಗೂ "ಯಾವ ದೇಶ?" ಅಂತ ಕೇಳುತ್ತಾರೆ. ನಾಲ್ಕು ವರ್ಷದವಳಿದ್ದಾಗ ಪೋಲಿಯೋ ಬಂದು ಎಡಗಾಲಿನ ಶಕ್ತಿ ಹೋಯಿತು. ಕಾಲಿಗೆ ಆಧಾರ ಕೊಡುವ ಕ್ಯಾಲಿಪರ್ ಪಟ್ಟಿ ಹಾಕಿ, ಊರುಗೋಲು ಹಿಡಿದು ನಡೆಯುತ್ತೇನೆ.

ಕೆಲಸ ಸಿಕ್ಕಿದ್ದು ಬೆಳಗಾವಿಯ ಒಂದು ಸರ್ಕಾರಿ ಕಚೇರಿಯಲ್ಲಿ. ಹೊರಗುತ್ತಿಗೆ ಮೇಲೆ ಡೇಟಾ ಎಂಟ್ರಿ. ಸಂಬಳ ಕೊಡುವುದು ಏಜೆನ್ಸಿ, ಕೆಲಸ ಹೇಳುವುದು ಕಚೇರಿ. ನಮ್ಮ ಸೆಕ್ಷನ್ ಇದ್ದದ್ದು ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಮೆಟ್ಟಿಲು ಮೂವತ್ತೆಂಟು. ಹತ್ತೊಂಬತ್ತನೆಯದರ ಹತ್ತಿರ ಕಟ್ಟೆ ಇದೆ, ಅಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದೆ. ಇಪ್ಪತ್ತೇಳನೆಯ ಮೆಟ್ಟಿಲಿನ ಅಂಚು ಒಡೆದಿದೆ, ಊರುಗೋಲು ಅಲ್ಲಿ ಜಾರುತ್ತದೆ. ಶೌಚಾಲಯ ಕೆಳಗೆ, ಅದೂ ಕುಕ್ಕರುಗಾಲಿನಲ್ಲಿ ಕೂರುವಂಥದ್ದು. ನನಗೆ ಹಾಗೆ ಕೂರಲು ಆಗುವುದಿಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ನೀರು ಕುಡಿಯುವುದನ್ನೇ ಬಿಟ್ಟೆ. ಎರಡು ತಿಂಗಳಲ್ಲಿ ಉರಿಮೂತ್ರ ಶುರುವಾಯಿತು, ಜ್ವರ ಬಂತು. ಇದನ್ನು ಬರೆಯಲು ನಾಚಿಕೆ ಆಗುತ್ತದೆ. ಆದರೆ ಹೀಗೆ ನೀರು ಬಿಟ್ಟು ಕೂತಿರುವ ಹೆಣ್ಣುಮಕ್ಕಳು ಇನ್ನೂ ಇದ್ದಾರೆ ಅಂತ ನನಗೆ ಗೊತ್ತು, ಅದಕ್ಕೇ ಬರೆದೆ.

ಅದೇ ಕಟ್ಟಡದ ಕೆಳಗೆ ಜನರಿಂದ ಅರ್ಜಿ ತೆಗೆದುಕೊಳ್ಳುವ ಕೌಂಟರ್ ಇದೆ. ಅಲ್ಲಿ ಮಾಡುವುದೂ ಕಂಪ್ಯೂಟರ್ ಕೆಲಸವೇ. ಒಂದು ಕುರ್ಚಿ ಖಾಲಿಯಿತ್ತು. "ಸರ, ನನ್ನ ಅಲ್ಲಿ ಹಾಕ್ರಿ" ಅಂತ ಮೇಲ್ವಿಚಾರಕರನ್ನು ಕೇಳಿದೆ. ಅವರು ಬಾಗಿಲು ಹಾಕಿ ಮೆಲ್ಲಗೆ ಹೇಳಿದರು: "ನೋಡ್ ತಂಗಿ, ಅದು ಮಂದಿ ಬರೂ ಜಾಗಾ. ನಿನ್ನ ನೋಡಿದ್ರ ಮಂದಿ ಏನೇನೋ ಕೇಳ್ತಾರ. ನಿನಗs ತ್ರಾಸ." ಮಾತು ಮೃದುವಾಗಿತ್ತು. ಅರ್ಥ ಮಾತ್ರ ನೇರವಾಗಿತ್ತು. ನನ್ನ ಕಾಲಿಗೆ ಬೇಕಾದ ಜಾಗ ಕೆಳಗಿತ್ತು, ನನ್ನ ಮುಖ ಅಲ್ಲಿ ಇರಬಾರದಿತ್ತು.

ಬಾಡಿಗೆ ಮನೆ ಹುಡುಕುವಾಗಲೂ ಆದದ್ದು ಇದೇ. ನನಗೆ ನೆಲಮಟ್ಟದ ಖೋಲಿಯೇ ಬೇಕು. ಟಿಳಕವಾಡಿ, ಅನಗೋಳ, ಶಹಾಪುರ ಸೇರಿ ಹನ್ನೊಂದು ಮನೆ ನೋಡಿದೆ. ಫೋನಿನಲ್ಲಿ ಎಲ್ಲರೂ "ಬರ್ರಿ, ನೋಡಕೊಂಡ ಹೋಗ್ರಿ" ಅನ್ನುವವರೇ. ಬಾಗಿಲಲ್ಲಿ ನಿಂತ ಕೂಡಲೇ "ಈಗಷ್ಟ ಕೊಟ್ಟವಿ" ಅನ್ನುತ್ತಿದ್ದರು. ಒಬ್ಬ ಕಾಕು ಮಾತ್ರ ನೇರವಾಗಿ ಹೇಳಿದರು, "ಬಾತ್‌ರೂಮಿನಾಗ ಬಿದ್ರ ಯಾರ ನೋಡಬೇಕವ್ವಾ? ಮತ್ತ ನೀವ್ ಯಾವ ಮಂದಿನೋ ಏನೋ." ಆ ದಿನ ಎರಡನೇ ರೈಲ್ವೆ ಗೇಟ್ ಹತ್ತಿರ ಗೇಟು ತೆಗೆದರೂ ದಾಟದೆ ಬಹಳ ಹೊತ್ತು ನಿಂತಿದ್ದೆ. ಕೊನೆಗೆ ಸಹೋದ್ಯೋಗಿಯ ಅಕ್ಕನ ಪರಿಚಯದಿಂದ ವಡಗಾವಿಯ ನೇಕಾರರ ಓಣಿಯಲ್ಲಿ ಒಂದು ಖೋಲಿ ಸಿಕ್ಕಿತು. ಬಾಡಿಗೆ 3,500, ಡಿಪಾಜಿಟ್ 20,000. ಪಕ್ಕದಲ್ಲಿ ಮಗ್ಗದ ಸದ್ದು, ಆದರೆ ಮಾಲೀಕರು ಮೊದಲ ದಿನವೇ ಬಾಗಿಲ ಬಳಿ ಹಿಡಿದುಕೊಳ್ಳಲು ಕಬ್ಬಿಣದ ಸರಳು ಹಾಕಿಸಿಕೊಟ್ಟರು.

ಇನ್ನು ಕಾಗದದ ವಿಷಯಕ್ಕೆ ಬರುತ್ತೇನೆ.

ನನ್ನ ಹತ್ತಿರ ಇದ್ದದ್ದು ಹಳೆಯ ಅಂಗವಿಕಲ ಸರ್ಟಿಫಿಕೇಟ್, ಲ್ಯಾಮಿನೇಷನ್ ಮಾಡಿಸಿದ್ದು. ಈಗ ಎಲ್ಲ ಕಡೆ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ, ಕೇಳುತ್ತಾರೆ. ಆನ್‌ಲೈನ್ ಅರ್ಜಿ ಹಾಕಿಕೊಟ್ಟವರು ನಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ನೀವು ಹಳ್ಳಿಯವರಾದರೆ ಮೊದಲು ಇವರನ್ನು ಹುಡುಕಿ. ಅವರೂ ವಿಕಲಚೇತನರೇ ಆಗಿರುತ್ತಾರೆ, ನಮ್ಮ ಕಷ್ಟ ಬಿಡಿಸಿ ಹೇಳಬೇಕಾಗುವುದಿಲ್ಲ. ಆಧಾರ್, ಫೋಟೋ, ಹಳೆಯ ಸರ್ಟಿಫಿಕೇಟ್ ಸಾಕು. ಅರ್ಜಿ ಹಾಕಿದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಎಲುಬಿನ ಡಾಕ್ಟರ್ ತಪಾಸಣೆ ಮಾಡುತ್ತಾರೆ. ಹೋಗುವ ಮುಂಚೆ ಅವರು ಯಾವ ದಿನ ನೋಡುತ್ತಾರೆ ಅಂತ ಫೋನ್ ಮಾಡಿ ಕೇಳಿಕೊಳ್ಳಿ. ನಾನು ಕೇಳದೆ ಹೋಗಿ ಎರಡು ದಿನದ ಪಗಾರ ಕಳೆದುಕೊಂಡೆ. ನನಗೆ 60 ಪರ್ಸೆಂಟ್ ಅಂತ ಬಂತು, ಹಳದಿ ಕಾರ್ಡು. 40ಕ್ಕಿಂತ ಕಡಿಮೆಯಾದರೆ ಬಿಳಿ, 80 ಮತ್ತು ಅದಕ್ಕಿಂತ ಮೇಲಾದರೆ ನೀಲಿ. ಮೀಸಲಾತಿ, ಮನೆ ಎಲ್ಲಕ್ಕೂ ಕನಿಷ್ಠ 40 ಬೇಕು. ಕಾರ್ಡು ಅಂಚೆಯಲ್ಲಿ ಬರಲು ಎರಡೂವರೆ ತಿಂಗಳು ಹಿಡಿಯಿತು. ಕಾಯಬೇಡಿ, ವೆಬ್‌ಸೈಟಿನಿಂದ ಇಳಿಸಿಕೊಂಡ ಪ್ರಿಂಟ್ ಕೊಟ್ಟರೂ ನಡೆಯುತ್ತದೆ.

ಜಾತಿ ಪ್ರಮಾಣಪತ್ರಕ್ಕೆ ಇದಕ್ಕಿಂತ ಜಾಸ್ತಿ ಕಾಡಿಸಿದರು. ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಆದರೆ ಆಗ ಉತ್ತರ ಕನ್ನಡ ಜಿಲ್ಲೆಯವರಿಗೆ ಮಾತ್ರ. ಗಡಿಯ ಈಚೆ ಇದ್ದ ನಾವು ಅದೇ ರಕ್ತದವರಾದರೂ ಹೊರಗೇ ಉಳಿದೆವು. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು ಪಟ್ಟಿಗೆ ಸೇರಿದ್ದು 2020ರಲ್ಲಿ, ಸಂಸತ್ತು ತಿದ್ದುಪಡಿ ಮಾಡಿದ ಮೇಲೆ. ಕೌಂಟರಿನಲ್ಲಿದ್ದ ಹುಡುಗನ ಹತ್ತಿರ ಇದ್ದದ್ದು ಹಳೆಯ ಪಟ್ಟಿ. "ಇದು ಕಾರವಾರ ಕಡೆಯವರಿಗೆ ಅಕ್ಕಾ, ನಿಮಗ ಬರಂಗಿಲ್ಲ" ಅಂದ. ತಿದ್ದುಪಡಿಯ ಗೆಜೆಟ್ ಪ್ರತಿ ಝೆರಾಕ್ಸ್ ಮಾಡಿಸಿ ತೋರಿಸಿದ ಮೇಲೆ ಅರ್ಜಿ ತೆಗೆದುಕೊಂಡ. ನಮ್ಮವರು ಯಾರೇ ಹೋದರೂ ಆ ಒಂದು ಹಾಳೆ ಕೈಯಲ್ಲಿರಲಿ.

ಆಮೇಲೆ ಇನ್ನೊಂದು ತೊಡಕು. ನನ್ನ ಶಾಲೆಯ ದಾಖಲೆಯಲ್ಲಿ ಜಾತಿಯ ಕಾಲಮಿನಲ್ಲಿ "ಕ್ರಿಶ್ಚಿಯನ್" ಅಂತ ಇತ್ತು. ನಮ್ಮಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂರೂ ಇದ್ದಾರೆ. ಪರಿಶಿಷ್ಟ ಜಾತಿಗೆ ಧರ್ಮದ ಷರತ್ತು ಇದೆ. ಪರಿಶಿಷ್ಟ ಪಂಗಡಕ್ಕೆ ಅದು ಇಲ್ಲ. ಇದು ಬಹಳ ಕಡೆ ಗೊತ್ತಿಲ್ಲ, ನೀವೇ ಹೇಳಬೇಕು. ಅಫಿಡವಿಟ್, ಚಿಕ್ಕಪ್ಪನ ಪ್ರಮಾಣಪತ್ರ, ಊರ ಹಿರಿಯರ ಹೇಳಿಕೆ, ಗ್ರಾಮ ಆಡಳಿತಾಧಿಕಾರಿಯ ಸ್ಥಳ ಪರಿಶೀಲನೆ, ಇಷ್ಟೆಲ್ಲ ಆಗಿ ಪತ್ರ ಕೈಗೆ ಬಂದಾಗ ನಾಲ್ಕು ತಿಂಗಳು ಕಳೆದಿತ್ತು. ಅವ್ವ ಅದನ್ನು ಓದಲಾರಳು. ಕೈಯಲ್ಲಿ ಹಿಡಿದು "ಇದರಾಗ ನಮ್ಮ ಹೆಸರ ಎಲ್ಲೈತಿ?" ಅಂತ ಕೇಳಿದಳು. "ಸಿದ್ದಿ" ಅನ್ನುವ ಅಕ್ಷರದ ಮೇಲೆ ಅವಳ ಬೆರಳು ಇಟ್ಟೆ.

ಎಲ್ಲ ಕಾಗದ ಇಡಲು ಅವ್ವ ಒಂದು ಚೀಲ ಹೊಲಿದುಕೊಟ್ಟಳು. ನಮ್ಮ ಹೆಣ್ಣುಮಕ್ಕಳು ಹಳೆ ಬಟ್ಟೆಯ ತುಂಡು ಸೇರಿಸಿ ಕೌದಿ ಹೊಲಿಯುತ್ತಾರಲ್ಲ, ಅದೇ ಹೊಲಿಗೆ. ನನ್ನ ಶಾಲೆಯ ನೀಲಿ ಲಂಗದ ತುಂಡು ಅದರಲ್ಲಿದೆ. ಹೆಗಲಿಗೆ ಅಡ್ಡ ಹಾಕಿಕೊಂಡರೆ ಎರಡೂ ಕೈ ಖಾಲಿ. ಊರುಗೋಲು ಹಿಡಿದವರಿಗೆ ಪ್ಲಾಸ್ಟಿಕ್ ಫೈಲು ಕೈಯಲ್ಲಿ ಹಿಡಿಯುವುದು ಎಷ್ಟು ಕಷ್ಟ ಅಂತ ಗೊತ್ತಲ್ವಾ?

ಆಫೀಸಿನ ವಿಷಯದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅಂದರೆ ಐದು ತಿಂಗಳು ಬರೀ ಬಾಯಿಮಾತಿನಲ್ಲಿ ಕೇಳಿದ್ದು. ಕಚೇರಿಯವರು "ಏಜೆನ್ಸಿಗೆ ಹೇಳು" ಅಂದರು, ಏಜೆನ್ಸಿಯವರು "ಜಾಗ ಕೊಡೋದು ಆಫೀಸು" ಅಂದರು. ಕೊನೆಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ವಿಕಲಚೇತನರಿಗೆ ಅಲ್ಲಿ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ. ಹೋಗಲು ಆಗದವರು 15100ಕ್ಕೆ ಫೋನ್ ಮಾಡಬಹುದು. ಅಲ್ಲಿ ಸಿಕ್ಕ ವಕೀಲ ಮೇಡಂ ಮೊದಲು ಕೇಳಿದ್ದೇ "ಬರದು ಕೊಟ್ಟೀರೇನು?" ಅಂತ. ಇಲ್ಲ ಅಂದೆ. "ಹಂಗಾರ ನೀವ್ ಇನ್ನೂ ಕೇಳೇ ಇಲ್ಲ ಅಂತ ತಿಳಕೋರಿ" ಅಂದರು.

ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ನಮಗೆ ಕೆಲಸ ಮಾಡಲು ಬೇಕಾದ ಸಣ್ಣಪುಟ್ಟ ಅನುಕೂಲ, ಅಂದರೆ ಕೆಳಗಿನ ಕುರ್ಚಿ, ಕಮೋಡ್, ಇಳಿಜಾರು ದಾರಿ, ಇವನ್ನು ಕೊಡದಿರುವುದೂ ತಾರತಮ್ಯವೇ ಅಂತ ಆ ಕಾಯ್ದೆ ಹೇಳುತ್ತದೆ. 21ನೇ ಸೆಕ್ಷನ್ ಪ್ರಕಾರ ಪ್ರತಿ ಸಂಸ್ಥೆ ಸಮಾನ ಅವಕಾಶ ನೀತಿ ಬರೆದಿಡಬೇಕು, ಖಾಸಗಿಯವರೂ ಸಹ. 23ನೇ ಸೆಕ್ಷನ್ ಪ್ರಕಾರ ಪ್ರತಿ ಸರ್ಕಾರಿ ಸಂಸ್ಥೆಯಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕು, ಅವರು ದೂರಿನ ರಿಜಿಸ್ಟರ್ ಇಡಬೇಕು, ದೂರು ದಾಖಲಾದ ಎರಡು ವಾರದೊಳಗೆ ವಿಚಾರಣೆ ಮಾಡಬೇಕು. ಅದರಿಂದ ಸಮಾಧಾನ ಆಗದಿದ್ದರೆ ಜಿಲ್ಲಾ ಸಮಿತಿಗೆ ಹೋಗಬಹುದು. ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರು ಇದ್ದಾರೆ. ಸಾಕ್ಷಿಗಳನ್ನು ಕರೆಸುವುದು, ದಾಖಲೆ ತರಿಸುವುದು ಇಂಥದ್ದಕ್ಕೆ ಸಿವಿಲ್ ಕೋರ್ಟಿನ ಅಧಿಕಾರ ಅವರಿಗಿದೆ.

ಒಂದೂವರೆ ಪುಟದ ಪತ್ರ ಬರೆದೆ. ಮೆಟ್ಟಿಲು ಎಷ್ಟು, ಶೌಚಾಲಯ ಎಲ್ಲಿದೆ, ಡಾಕ್ಟರ್ ಚೀಟಿ, ಯಾವ ಕುರ್ಚಿ ಖಾಲಿ ಇದೆ, ಎಲ್ಲ ಹಾಕಿದೆ. ಮೇಲ್ವಿಚಾರಕರು ಬಾಗಿಲು ಹಾಕಿ ಆಡಿದ ಮಾತನ್ನೂ ತಾರೀಖಿನ ಸಮೇತ ಬರೆದೆ. ಆವಕ ವಿಭಾಗದಲ್ಲಿ ಪತ್ರ ತೆಗೆದುಕೊಂಡರು, ನನ್ನ ಪ್ರತಿಗೆ ಸೀಲು ಹಾಕಲಿಲ್ಲ. "ಸಾಹೇಬರು ಬರಲಿ" ಅಂದರು. ಅಂಥ ಹೊತ್ತಿನಲ್ಲಿ ವಾದ ಮಾಡುತ್ತ ನಿಲ್ಲಬೇಡಿ. ಇನ್ನೊಂದು ಪ್ರತಿಯನ್ನು ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ನನ್ನ ಕೇಸಿನಲ್ಲಿ ಕೊನೆಗೆ ಕೆಲಸಕ್ಕೆ ಬಂದದ್ದು ಆ ರಸೀದಿ.

ಎರಡು ವಾರ ಆಯ್ತು, ಆರು ವಾರವೂ ಆಯ್ತು, ಉತ್ತರ ಇಲ್ಲ. ಆ ದಿನಗಳಲ್ಲಿ ಆಫೀಸಿನಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ. ಚಹಾಕ್ಕೆ ಹೋಗುವಾಗ ಕರೆಯುವುದನ್ನು ಬಿಟ್ಟರು. ರಾತ್ರಿ ಖೋಲಿಗೆ ಬಂದು ಕ್ಯಾಲಿಪರ್ ಬಿಚ್ಚಿದ ಮೇಲೆ ಅಳು ಬರುತ್ತಿತ್ತು. ಕೆಲಸ ಬಿಟ್ಟುಬಿಡೋಣ ಅನ್ನಿಸಿದ್ದು ಒಂದೆರಡು ಸಲ ಅಲ್ಲ.

ಮೇಡಂ ಮಾಹಿತಿ ಹಕ್ಕಿನ ಅರ್ಜಿ ಹಾಕಿಸಿದರು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಹೆಚ್ಚುಕಡಿಮೆ 150 ಪದದೊಳಗೆ ಇರಬೇಕು. ನಾನು ಮೂರು ಸಂಗತಿ ಕೇಳಿದೆ: ನಿಮ್ಮ ಕುಂದುಕೊರತೆ ಅಧಿಕಾರಿ ಯಾರು, ಸಮಾನ ಅವಕಾಶ ನೀತಿಯ ಪ್ರತಿ ಕೊಡಿ, ದೂರಿನ ರಿಜಿಸ್ಟರಿನ ಪ್ರತಿ ಕೊಡಿ. ಇಪ್ಪತ್ತೊಂಬತ್ತನೇ ದಿನಕ್ಕೆ ಉತ್ತರ ಬಂತು. "ಸದರಿ ಅಧಿಕಾರಿಯನ್ನು ನೇಮಿಸಿರುವುದಿಲ್ಲ. ಮಾಹಿತಿ ಲಭ್ಯವಿಲ್ಲ." ನನಗೆ ನಿರಾಸೆಯಾಯಿತು. ಮೇಡಂ ಮಾತ್ರ ಆ ಕಾಗದ ಎರಡು ಸಲ ಓದಿ, "ಇದನ್ನ ಜೋಪಾನ ಇಟಗೋರಿ, ಅವರs ಬರದು ಕೊಟ್ಟಾರ" ಅಂದರು.

ಆ ಉತ್ತರ, ಪೋಸ್ಟ್ ರಸೀದಿ, ಡಾಕ್ಟರ್ ಚೀಟಿ, ಮೆಟ್ಟಿಲಿನ ಫೋಟೋ ಸೇರಿಸಿ ರಾಜ್ಯ ಆಯುಕ್ತರಿಗೆ ದೂರು ಕಳಿಸಿದೆವು. ನಾನು ಪರಿಶಿಷ್ಟ ಪಂಗಡದವಳು, ನನ್ನ ರೂಪದ ಕಾರಣಕ್ಕೆ ಕೌಂಟರ್ ಕೊಡಲಿಲ್ಲ ಅನ್ನುವುದನ್ನೂ ಅದರಲ್ಲಿ ಬರೆದೆವು. ಅಟ್ರಾಸಿಟಿ ಕೇಸು ಹಾಕೋಣವೇ ಅಂತಲೂ ಮಾತಾಯಿತು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯಲ್ಲಿ ಅವಮಾನ ಮಾಡಿದ ಅಪರಾಧಕ್ಕೆ ಆ ಮಾತು ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಆಡಿದ್ದಾಗಿರಬೇಕು. ನನಗೆ ಹೇಳಿದ್ದು ಬಾಗಿಲು ಹಾಕಿದ ಕೋಣೆಯಲ್ಲಿ. ಸಾಕ್ಷಿ ಇಲ್ಲ. ನಾನೇ ಬೇಡ ಅಂದೆ. ನಿಮಗೆ ನಾಲ್ಕು ಜನರ ಎದುರು ಜಾತಿ ಹಿಡಿದು ಬೈದಿದ್ದರೆ ಸುಮ್ಮನಿರಬೇಡಿ. ಅಲ್ಲಿ ಯಾರು ಯಾರು ಇದ್ದರು ಅಂತ ಅವತ್ತೇ ಬರೆದಿಟ್ಟುಕೊಳ್ಳಿ.

ಆಯುಕ್ತರ ಕಚೇರಿಯಿಂದ ನೋಟಿಸ್ ಹೋಗಲು ಎರಡು ತಿಂಗಳು, ವಿಚಾರಣೆಗೆ ಇನ್ನೂ ಎರಡು. ಬೆಂಗಳೂರಿಗೆ ಹೋಗುವುದು ಹೇಗೆ ಅನ್ನುವ ಚಿಂತೆಯಿತ್ತು. ವಿಡಿಯೋದಲ್ಲಿ ಹಾಜರಾಗುತ್ತೇನೆ ಅಂತ ಮೊದಲೇ ಅರ್ಜಿ ಕೊಟ್ಟೆ, ಒಪ್ಪಿದರು. ವಿಚಾರಣೆಗೆ ನಾಲ್ಕು ದಿನ ಇರುವಾಗ ನನ್ನ ಟೇಬಲ್ ಕೆಳಗೆ ಬಂತು. ಆದರೆ ಎಲ್ಲಿಗೆ? ಹಳೆ ಕಡತಗಳ ಕೋಣೆಗೆ, ಕಿಟಕಿಯೂ ಇಲ್ಲದ ಜಾಗಕ್ಕೆ. "ಕೆಳಗ ಕೊಟ್ಟೇವಲ್ಲ" ಅಂತ ಅವರು ವಿಚಾರಣೆಯಲ್ಲಿ ಹೇಳಿದರು. ನಾನು ಫೋನ್ ತಿರುಗಿಸಿ ಕೋಣೆ ತೋರಿಸಿದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಕೌಂಟರಿನ ಕುರ್ಚಿ ಇನ್ನೂ ಖಾಲಿ ಇದೆಯೇ ಅಂತ ಆಯುಕ್ತರು ಕೇಳಿದರು. ಇದೆ ಅಂದೆ. ಕಾಯ್ದೆ ಮೀರಿದರೆ ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ, ಮತ್ತೆ ಮೀರಿದರೆ 50,000ದಿಂದ 5 ಲಕ್ಷ ಅನ್ನುವುದನ್ನು ಮೇಡಂ ಅಲ್ಲೇ ನೆನಪಿಸಿದರು. ಆಯುಕ್ತರ ಶಿಫಾರಸಿನ ಮೇಲೆ ಏನು ಮಾಡಿದೆವು ಅಂತ ಕಚೇರಿ ಮೂರು ತಿಂಗಳಲ್ಲಿ ತಿಳಿಸಬೇಕು. ನಮ್ಮಲ್ಲಿ ಎರಡೂವರೆ ತಿಂಗಳಿಗೆ ಆಯಿತು. ಕುಂದುಕೊರತೆ ಅಧಿಕಾರಿಯ ನೇಮಕವೂ ಆಗಿದೆ. ಕಮೋಡ್ ಹಾಕಿದ್ದಾರೆ, ಪಕ್ಕದ ಹಿಡಿ ಇನ್ನೂ ಹಾಕಿಲ್ಲ. ಕೌಂಟರಿನಲ್ಲಿ ಕೂತ ಮೊದಲ ದಿನ ಒಬ್ಬ ಅಜ್ಜ ಬಂದು ನನ್ನನ್ನೇ ನೋಡಿದ. "ಕನ್ನಡ ಬರ್ತೈತೇನವ್ವಾ?" ಅಂದ. "ಬರ್ತೈತ್ರಿ ಅಜ್ಜಾರ, ಅರ್ಜಿ ಕೊಡ್ರಿ" ಅಂದೆ. ಕೊಟ್ಟ.

ಮನೆಯ ಕಥೆ ಇದರ ಜೊತೆಜೊತೆಗೇ ನಡೆದಿತ್ತು. ಊರಿನಲ್ಲಿ ಅವ್ವ ಇರುವುದು ಮಣ್ಣಿನ ಗೋಡೆಯ ಮನೆ, ಪ್ರತಿ ಮಳೆಗಾಲಕ್ಕೆ ಒಂದು ಮೂಲೆ ಕುಸಿಯುತ್ತದೆ. ವಸತಿ ಯೋಜನೆಗೆ ಅರ್ಜಿ ಕೊಟ್ಟಾಗ ಪರಿಶಿಷ್ಟ ಪಂಗಡದ ಪಟ್ಟಿ ನೋಡುವವರು "ನೀವು ಅಂಗವಿಕಲರ ಕೋಟಾದಾಗ ಕೇಳ್ರಿ" ಅಂದರು. ಅಂಗವಿಕಲರ ಪಟ್ಟಿ ನೋಡುವವರು "ನಿಮಗ ಎಸ್‌ಟಿ ಐತಲ್ಲ" ಅಂದರು. ಎರಡು ಹಕ್ಕು ಇದ್ದವಳಿಗೆ ಒಂದೂ ಸಿಗದ ಹಾಗೆ ತಿಂಗಳುಗಳೇ ಕಳೆದವು. ವಿಕಲಚೇತನರ ಹಕ್ಕುಗಳ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ಎಲ್ಲ ವಸತಿ ಯೋಜನೆಗಳಲ್ಲೂ ವಿಕಲಚೇತನರಿಗೆ ನೂರಕ್ಕೆ ಐದು ಮನೆ ಮೀಸಲು, ಅದರಲ್ಲೂ ಹೆಣ್ಣುಮಕ್ಕಳಿಗೆ ಆದ್ಯತೆ. ಇಲ್ಲಿಗೂ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಮೂವತ್ತು ದಿನ ಆದರೂ ಉತ್ತರ ಇಲ್ಲ, ಮೊದಲ ಮೇಲ್ಮನವಿ ಹಾಕಿದ ಮೇಲೆ ಬಂತು. ಐದು ವರ್ಷದಲ್ಲಿ 60 ಮನೆ ಕೊಟ್ಟಿದ್ದರು. ವಿಕಲಚೇತನರಿಗೆ ಮೂರು ಬರಬೇಕಿತ್ತು, ಬಂದದ್ದು ಒಂದು.

ಆ ಹಾಳೆ ಹಿಡಿದು ಗ್ರಾಮಸಭೆಗೆ ಹೋದೆ. ಶಕ್ತಿ ಯೋಜನೆಯಿಂದ ಬಸ್ ಟಿಕೆಟ್ ಇಲ್ಲ, ಅದು ದೊಡ್ಡ ಉಪಕಾರ. ಆದರೆ ಬಸ್ಸಿನ ಮೊದಲ ಮೆಟ್ಟಿಲು ನನ್ನ ಮೊಣಕಾಲಿಗಿಂತ ಎತ್ತರ, ಪ್ರತಿ ಸಲ ಯಾರಾದರೂ ಎತ್ತಿ ಹತ್ತಿಸಬೇಕು. ಸಭೆಯಲ್ಲಿ ನಿಂತು ಓದಿದೆ, ಧ್ವನಿ ನಡುಗಿತು. ನಿರ್ಣಯದ ಪುಸ್ತಕದಲ್ಲಿ ನನ್ನ ಮಾತು ಬರೆಸಿಯೇ ಕೂತೆ. ಗ್ರಾಮಸಭೆಯಲ್ಲಿ ಆಡಿದ ಮಾತು ಆ ಪುಸ್ತಕದಲ್ಲಿ ಇಲ್ಲದಿದ್ದರೆ ನಾಳೆ ಯಾರಿಗೂ ನೆನಪಿರುವುದಿಲ್ಲ.

ಮನೆಯ ಪಟ್ಟಿಯಲ್ಲಿ ಹೆಸರು ಬಂದ ಮೇಲೂ ಜಾಗದ ಉತಾರ, ಅಂದರೆ ಜಾಗದ ದಾಖಲೆ, ಸತ್ತುಹೋದ ಅಪ್ಪನ ಹೆಸರಿನಲ್ಲೇ ಇತ್ತು. ಅದನ್ನು ವಾರಸುದಾರರ ಹೆಸರಿಗೆ ಮಾಡಿಸಿ, ಪಂಚಾಯಿತಿಯ ಇ-ಸ್ವತ್ತು ಆಸ್ತಿ ದಾಖಲೆ ತೆಗೆಸಲು ಮೂರು ತಿಂಗಳು. ನಮ್ಮದು ಗಾವಠಾಣದ, ಅಂದರೆ ಊರೊಳಗಿನ ಮನೆಗಳ ಜಾಗ, ಅಷ್ಟಕ್ಕೇ ಮುಗಿಯಿತು. ಅರಣ್ಯದ ಜಾಗದಲ್ಲಿ ಇರುವ ನಮ್ಮವರಿಗೆ ಒಂದು ಮಾತು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೂ ಮುಂಚಿನಿಂದ ಅಲ್ಲಿದ್ದೆವು ಅಂತ ತೋರಿಸಿದರೆ ಸಾಕು. ಬೇರೆಯವರು ಆ ದಿನಕ್ಕೆ ಹಿಂದಿನ 75 ವರ್ಷದ ವಾಸ ತೋರಿಸಬೇಕು. 2020ಕ್ಕೆ ಮುಂಚೆ ನಿಮ್ಮ ಅರ್ಜಿ 75 ವರ್ಷದ ದಾಖಲೆ ಇಲ್ಲ ಅಂತ ತಿರಸ್ಕಾರ ಆಗಿದ್ದರೆ, ಜಾತಿ ಪ್ರಮಾಣಪತ್ರ ಮಾಡಿಸಿಕೊಂಡು ಮತ್ತೆ ವಿಚಾರಿಸಿ.

ಖರ್ಚು ಬರೆದಿಟ್ಟಿದ್ದೇನೆ. ಝೆರಾಕ್ಸ್, ಪ್ರಿಂಟ್ 1,100. ಅಫಿಡವಿಟ್ಟು, ನೋಟರಿ ಸೇರಿ 650. ಅಂಚೆ 420. ಆಟೋಗೆ ಸುಮಾರು 7,000, ಎಲ್ಲಕ್ಕಿಂತ ಜಾಸ್ತಿ ಹೋದದ್ದು ಅದಕ್ಕೇ. ಊರುಗೋಲಿನ ತುದಿಯ ರಬ್ಬರ್ ಐದು ಸವೆದವು. ಪಗಾರ ಕಟ್ಟಾದ ದಿನ ಇಪ್ಪತ್ತಮೂರು. ಲಂಚ ಕೇಳಿದವರು ಇಬ್ಬರು. ಕೊಡಲಿಲ್ಲ, ಅದರಿಂದ ತಡವೂ ಆಯಿತು.

ನಮ್ಮ ಯೋಜನೆಯಲ್ಲಿ 1.75 ಲಕ್ಷ, ಕಂತಿನಲ್ಲಿ ಬರುತ್ತದೆ. ಪಾಯ, ಲಿಂಟಲ್ (ಬಾಗಿಲು, ಕಿಟಕಿ ಮೇಲಿನ ತೊಲೆ), ಚಾವಣಿ, ಕೊನೆಗೆ ಪೂರ್ತಿ. ಪ್ರತಿ ಹಂತಕ್ಕೂ ಜಿಪಿಎಸ್ ಫೋಟೋ. ಮೊದಲ ಕಂತು ಬರುವ ಮುಂಚೆ ಪಾಯದ ಖರ್ಚು ನಾವೇ ಹಾಕಬೇಕು. ನಾನು ಸ್ವಸಹಾಯ ಸಂಘದಿಂದ 40,000 ಸಾಲ ತೆಗೆದೆ. ಇದನ್ನು ಯಾರೂ ಮುಂಚೆ ಹೇಳುವುದಿಲ್ಲ, ನೀವು ದುಡ್ಡು ಹೊಂದಿಸಿಟ್ಟುಕೊಳ್ಳಿ.

ಗೌಂಡಿ ಅಣ್ಣನಿಗೆ ಬಾಗಿಲು ಮೂರೂವರೆ ಅಡಿ ಅಗಲ ಇರಲಿ, ಹೊಸ್ತಿಲು ಬೇಡ ಅಂದೆ. ಅಗಲಕ್ಕೆ ಒಪ್ಪಿದ. ಹೊಸ್ತಿಲಿಗೆ ಒಪ್ಪಲಿಲ್ಲ. "ಹೊಸ್ತಿಲಾ ಇಲ್ಲದ ಮನೀ ನಾ ಕಟ್ಟಿಲ್ಲ ತಂಗಿ" ಅಂತ ಚೌಕಟ್ಟಿನ ಅಳತೆ ಹಿಡಿದು ಕೂತ. ಅವ್ವನೂ ಅವನ ಕಡೆಗೇ ನಿಂತಳು. ಚೌಕಟ್ಟು ನಿಲ್ಲಿಸುವ ಜಾಗದಲ್ಲಿ ನಾನು ಅವರಿಬ್ಬರ ಎದುರು ನಡೆದು ತೋರಿಸಿದೆ. ಅವನು ಇಟ್ಟಿದ್ದ ಮೂರು ಇಂಚಿನ ಕಟ್ಟಿಗೆಗೆ ಕ್ಯಾಲಿಪರಿನ ತುದಿ ತಾಗಿತು, ಗೋಡೆ ಇಲ್ಲದ ಕಡೆ ಕೈ ಚಾಚಿದೆ. ಅವನೇ ಓಡಿಬಂದು ಹಿಡಿದ. ಸ್ವಲ್ಪ ಹೊತ್ತು ಬೀಡಿ ಸೇದುತ್ತ ನಿಂತು, ಆಮೇಲೆ ನೆಲ ಅಗೆದು ಕಟ್ಟಿಗೆಯನ್ನು ಒಳಗೆ ಇಳಿಸಿದ. ಮೇಲೆ ಮಟ್ಟದ ಕೋಲು ಇಟ್ಟು ನೋಡಿದ. ಹೊಸ್ತಿಲು ಇದೆ, ನೆಲಕ್ಕೆ ಸಮನಾಗಿ. ಅವ್ವ ಅದಕ್ಕೆ ಅರಿಷಿಣ ಹಚ್ಚಿದಳು. ಲಿಂಟಲ್ ಮಟ್ಟಕ್ಕೆ ಇನ್ನು ಹದಿನೈದು ದಿನ ಬೇಕಂತೆ.